ಭಾವ, ಕ್ರಮ ಮತ್ತು ಟೈಮಿಂಗ್ ಚೈನು

ಮಾಡುವವನ ಭಾವ ಶುದ್ಧವಾಗಿದ್ದರೆ ಕ್ರಮ ತಪ್ಪಿದ ಕ್ರಿಯೆಯೂ ಸಲ್ಲುತ್ತದೆಯೇ, ಅಥವಾ ಕ್ರಮ ಸರಿಯಿದ್ದರೆ ಭಾವವಿಲ್ಲದ ಕ್ರಿಯೆಯೂ ಫಲ ಕೊಡುತ್ತದೆಯೇ ಎಂಬ ಪ್ರಶ್ನೆ ಭಾರತೀಯ ಧರ್ಮವಿಚಾರದಲ್ಲಿ ಬಹಳ ಹಿಂದಿನಿಂದ ಚರ್ಚೆಯಾಗುತ್ತ ಬಂದಿದೆ. ಯಜ್ಞವನ್ನೇ ಧರ್ಮದ ತಿರುಳೆಂದು ಕಂಡ ಮೀಮಾಂಸಕರು ಕ್ರಮದ ಕಡೆಗೆ ವಾಲಿದರು. ಭಕ್ತಿಪಂಥಗಳು ಭಾವದ ಕಡೆಗೆ ವಾಲಿದವು. ಹನ್ನೆರಡನೆಯ ಶತಮಾನದ ಕನ್ನಡ ಶರಣರು ಈ ಎರಡರಲ್ಲಿ ಯಾವುದನ್ನೂ ಇದ್ದಂತೆಯೇ ಒಪ್ಪದೆ, ಪೂಜೆಗೆ ಸಲ್ಲುತ್ತಿದ್ದ ಸ್ಥಾನವನ್ನು ದುಡಿಮೆಗೆ ಕೊಟ್ಟು ಅದನ್ನು ಕಾಯಕವೆಂದು ಕರೆದರು. ಇದರಿಂದ ಹಳೆಯ ಪ್ರಶ್ನೆ ಬಗೆಹರಿಯಲಿಲ್ಲ, ದೇಗುಲದಿಂದ ಕೆಲಸದ ಜಾಗಕ್ಕೆ ಬಂತು. ದುಡಿಮೆಯೇ ಪೂಜೆಯಾದರೆ, ಪೂಜೆಯಲ್ಲಿ ಭಾವಕ್ಕೆ ಸಿಗುವ ರಿಯಾಯಿತಿ ದುಡಿಮೆಯಲ್ಲೂ ಸಿಗಬೇಕೇ ಎಂಬುದು ಅದರ ಹೊಸ ರೂಪ. ಇದನ್ನು ಪರೀಕ್ಷಿಸಲು ಕ್ರಮಕ್ಕೆ ಎಳ್ಳಷ್ಟೂ ವಿನಾಯಿತಿ ಇಲ್ಲದ, ಮುಗಿದ ಮೇಲೆ ಯಾರ ಕಣ್ಣಿಗೂ ಕಾಣದ ಒಂದು ಕೆಲಸ ಬೇಕು. ಕಾರಿನ ಇಂಜಿನ್ ಬಿಚ್ಚಿ ಮತ್ತೆ ಜೋಡಿಸುವಾಗ ಕ್ಯಾಮ್‌ಶಾಫ್ಟ್ ಮತ್ತು ಟೈಮಿಂಗ್ ಚೈನನ್ನು ಕೂರಿಸುವುದು ಅಂಥ ಕೆಲಸ.

ಈ ಕೆಲಸ ನಡೆಯುವ ನೆಲವನ್ನು ಮೊದಲು ಗುರುತಿಸುವುದು ಒಳ್ಳೆಯದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳಾದರೂ ಒಂದೇ ಬಗೆಯ ಸೀಮೆಗಳಲ್ಲ. 1997ರಲ್ಲಿ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಚನ್ನಗಿರಿಗೆ ಸೂಳೆಕೆರೆಯ ನೀರೂ ಅಡಿಕೆಯ ದುಡ್ಡೂ ಇದೆ, ಹೊನ್ನಾಳಿಗೆ ತುಂಗಭದ್ರೆಯ ದಂಡೆ ಇದೆ, ಜಗಳೂರಿಗೆ ಇರುವುದು ಬಹುಮಟ್ಟಿಗೆ ಮಳೆಯ ನಿರೀಕ್ಷೆ. ಆದರೆ ನಾಲ್ಕೂ ಕಡೆ ಗಾಡಿ ಎಂಬುದು ಶೋಕಿಯ ವಸ್ತುವಾಗಿರುವುದಕ್ಕಿಂತ ಹೆಚ್ಚಾಗಿ ಹೊಟ್ಟೆಪಾಡಿನ ವಸ್ತು, ಮತ್ತು ಹಳೆಯ ಗಾಡಿಯ ಇಂಜಿನ್ ಕೆಲಸ ನಡೆಯುವುದು ಕಂಪನಿಯ ಸರ್ವಿಸ್ ಸೆಂಟರಿಗಿಂತ ಹೆಚ್ಚಾಗಿ ರಸ್ತೆ ಬದಿಯ ಗ್ಯಾರೇಜಿನಲ್ಲಿ. ಬ್ಲಾಕನ್ನು ಬೋರ್ ಮಾಡಿಸಲು, ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಲು ದೊಡ್ಡ ಊರಿನ ಲೇತ್ ಅಂಗಡಿಗೆ ಹೋಗಬೇಕು. ಲೇತ್ ಎಂಬ ಯಂತ್ರವನ್ನೇ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಶುರುವಾದದ್ದು ಇದೇ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಎಂಬುದನ್ನು ನೆನೆದರೆ, ಲೋಹವನ್ನು ಅಳತೆಗೆ ತರುವ ವಿದ್ಯೆ ಈ ಸೀಮೆಗೆ ಹೊಸದಲ್ಲವೆಂಬುದು ತಿಳಿಯುತ್ತದೆ.

ಇಂಜಿನ್ನಿನ ಒಳಗೆ ಮುಖ್ಯವಾಗಿ ಸುತ್ತುವ ದಂಡಗಳು ಎರಡು ಬಗೆಯವು. ಕೆಳಗಿರುವ ಕ್ರ್ಯಾಂಕ್‌ಶಾಫ್ಟ್ ಪಿಸ್ಟನ್‌ಗಳ ಏರಿಳಿತವನ್ನು ತಿರುಗುವ ಬಲವನ್ನಾಗಿ ಮಾಡಿ ಚಕ್ರಗಳಿಗೆ ಕಳಿಸುತ್ತದೆ. ಈಗಿನ ಹೆಚ್ಚಿನ ಕಾರುಗಳಲ್ಲಿ ಸಿಲಿಂಡರ್ ಹೆಡ್‌ನ ಮೇಲೆ ಕೂರುವ ಕ್ಯಾಮ್‌ಶಾಫ್ಟಿನ ಮೈಯಲ್ಲಿ ಮೊಟ್ಟೆಯಾಕಾರದ ಉಬ್ಬುಗಳಿದ್ದು, ಆ ಉಬ್ಬು ಬಂದಾಗ ವಾಲ್ವ್ ತೆರೆಯುತ್ತದೆ, ಉಬ್ಬು ದಾಟಿದಾಗ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. 1876ರಲ್ಲಿ ಜರ್ಮನಿಯ ನಿಕೋಲಸ್ ಆಟೊ ರೂಪಿಸಿದ ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಗಾಳಿಯನ್ನು ಒಳಗೆಳೆಯುವುದು, ಒತ್ತುವುದು, ಉರಿದು ಬಲ ಕೊಡುವುದು, ಹೊಗೆಯನ್ನು ಹೊರದಬ್ಬುವುದು ಎಂಬ ನಾಲ್ಕು ಹಂತಗಳು ಮುಗಿಯಲು ಕ್ರ್ಯಾಂಕ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗಬೇಕು. ಅಷ್ಟರಲ್ಲಿ ಪ್ರತಿಯೊಂದು ವಾಲ್ವ್ ತೆರೆಯಬೇಕಾದ್ದು ಒಂದೇ ಸಲ. ಆದ್ದರಿಂದ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವಂತೆ ಅದರ ಹಲ್ಲಿನ ಚಕ್ರಕ್ಕೆ, ಅಂದರೆ ಸ್ಪ್ರಾಕೆಟ್ಟಿಗೆ, ಸಾಮಾನ್ಯವಾಗಿ ಎರಡರಷ್ಟು ಹಲ್ಲುಗಳಿರುತ್ತವೆ. ಇವೆರಡನ್ನು ಕಟ್ಟಿ ಹಿಡಿಯುವುದು ಟೈಮಿಂಗ್ ಚೈನು. ಕೆಲವು ಕಾರುಗಳಲ್ಲಿ ಇದೇ ಕೆಲಸವನ್ನು ರಬ್ಬರ್ ಬೆಲ್ಟು ಮಾಡುತ್ತದೆ, ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಒಂದಕ್ಕೊಂದು ಕಚ್ಚಿದ ಗೇರುಗಳು ಮಾಡುತ್ತವೆ. ಅಂಬಾಸಿಡರ್ ಕಾರಿನಿಂದ ಹಿಡಿದು ಊರೂರಿನಲ್ಲಿ ಟ್ಯಾಕ್ಸಿಯಾಗಿ ಓಡಿದ ಸ್ವಿಫ್ಟ್ ಡೀಸೆಲ್‌ವರೆಗೆ ಅನೇಕ ಗಾಡಿಗಳಲ್ಲಿ ಇರುವುದು ಚೈನೇ.

ಇಲ್ಲಿ ತಪ್ಪಿನ ಅಳತೆ ಎಷ್ಟು ಸಣ್ಣದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಕ್ಯಾಮ್ ಸ್ಪ್ರಾಕೆಟ್ಟಿಗೆ 40 ಹಲ್ಲು, ಕ್ರ್ಯಾಂಕ್ ಸ್ಪ್ರಾಕೆಟ್ಟಿಗೆ 20 ಹಲ್ಲು ಇದೆ ಎಂದುಕೊಂಡರೆ, ಚೈನು ಒಂದೇ ಒಂದು ಹಲ್ಲು ಆಚೀಚೆ ಕೂತರೆ ಕ್ಯಾಮ್ 9 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ ತಪ್ಪುತ್ತದೆ. ಅಷ್ಟಾದರೆ ಗಾಡಿ ಸ್ಟಾರ್ಟ್ ಆದರೂ ಎಳೆಯುವುದಿಲ್ಲ, ಹೊಗೆ ಬಿಡುತ್ತದೆ, ಅಥವಾ ಸ್ಟಾರ್ಟೇ ಆಗುವುದಿಲ್ಲ. ಇನ್ನೂ ಒಂದೆರಡು ಹಲ್ಲು ತಪ್ಪಿದರೆ, ಪಿಸ್ಟನ್ ಮೇಲೇರುವ ಗಳಿಗೆಯಲ್ಲಿ ವಾಲ್ವ್ ಇನ್ನೂ ತೆರೆದೇ ಇದ್ದು ಎರಡೂ ಡಿಕ್ಕಿ ಹೊಡೆಯುತ್ತವೆ. ವಾಲ್ವ್ ಬಾಗುತ್ತದೆ, ಪಿಸ್ಟನ್ನಿನ ನೆತ್ತಿಗೆ ಪೆಟ್ಟು ಬೀಳುತ್ತದೆ, ಮಾಡಿದ ಕೆಲಸವೆಲ್ಲ ಮೊದಲಿಂದ ಆಗಬೇಕಾಗುತ್ತದೆ.

ಜೋಡಿಸುವ ವಿಧಾನವನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ವಿಧಿಯ ಲಕ್ಷಣಗಳು ಕಾಣುತ್ತವೆ. ಮೊದಲನೆಯ ಸಿಲಿಂಡರಿನ ಪಿಸ್ಟನ್ ತನ್ನ ಅತಿ ಎತ್ತರದ ನೆಲೆಗೆ, ಗ್ಯಾರೇಜಿನ ಮಾತಿನಲ್ಲಿ ಟಿಡಿಸಿಗೆ, ಬರುವಂತೆ ಕ್ರ್ಯಾಂಕನ್ನು ನಿಲ್ಲಿಸುತ್ತಾರೆ. ಕೆಲವು ಇಂಜಿನ್‌ಗಳಲ್ಲಿ ಮಾತ್ರ ಕ್ಯಾಮ್ ಕೂರಿಸುವಾಗ ವಾಲ್ವ್ ಪಿಸ್ಟನ್ನಿಗೆ ತಾಗದಿರಲೆಂದು ಕ್ರ್ಯಾಂಕನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿಟ್ಟು ಆಮೇಲೆ ಟಿಡಿಸಿಗೆ ತರಬೇಕು. ಕ್ಯಾಮ್‌ಶಾಫ್ಟಿನ ಉಬ್ಬುಗಳಿಗೂ ಅದು ಕೂರುವ ತೊಟ್ಟಿಲುಗಳಿಗೂ ಧಾರಾಳವಾಗಿ ಆಯಿಲ್ ಸವರಬೇಕು, ಏಕೆಂದರೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಪಂಪಿನ ಆಯಿಲ್ ಮೇಲಕ್ಕೆ ತಲುಪುವವರೆಗಿನ ಕೆಲವು ಕ್ಷಣ ಲೋಹ ಲೋಹವನ್ನು ಒಣದಾಗಿ ಉಜ್ಜಬಾರದು. ಕ್ಯಾಮ್ ಮೇಲೆ ಕೂರುವ ಪಟ್ಟಿಗಳ ಮೇಲೆ ಸಂಖ್ಯೆಯೂ ಬಾಣದ ಗುರುತೂ ಇರುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು, ಬಾಣ ತಿರುಗಬಾರದು. ಅವುಗಳ ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಗಿಯುವಂತಿಲ್ಲ. ಕೆಲವು ಉಬ್ಬುಗಳ ಅಡಿಯ ಸ್ಪ್ರಿಂಗುಗಳು ಆಗಲೇ ಕ್ಯಾಮನ್ನು ಮೇಲಕ್ಕೆ ನೂಕುತ್ತಿರುವುದರಿಂದ, ಒಂದು ತುದಿಯನ್ನು ಪೂರ್ತಿ ಬಿಗಿದರೆ ಇನ್ನೊಂದು ತುದಿ ಮೇಲೆದ್ದು, ಎರಕದ ಕಬ್ಬಿಣದ ಕ್ಯಾಮ್‌ಶಾಫ್ಟ್ ಲಟ್ಟನೆ ಮುರಿಯುವುದೂ ಉಂಟು. ಆದ್ದರಿಂದ ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಅರ್ಧರ್ಧ ಸುತ್ತಿನಂತೆ, ಮತ್ತೆ ಮತ್ತೆ ಅದೇ ಸರದಿಯಲ್ಲಿ ಬಿಗಿಯುತ್ತ ಬರಬೇಕು.

ಆಮೇಲೆ ಬರುವುದು ಚೈನು. ಸ್ಪ್ರಾಕೆಟ್ಟುಗಳ ಮೇಲೆ ಚುಕ್ಕೆಯೋ ಗೆರೆಯೋ ಇರುತ್ತದೆ. ಹಳೆಯ ಅಂಬಾಸಿಡರಿನಲ್ಲಿ ಎರಡು ಸ್ಪ್ರಾಕೆಟ್ಟುಗಳ ಚುಕ್ಕೆಗಳು ಎದುರುಬದುರಾಗಿ ನೋಡುವಂತೆ ಕೂರಿಸಿದರೆ ಸಾಕಾಗಿತ್ತು. ಹೊಸ ಬಗೆಯ ಇಂಜಿನ್‌ಗಳ ಚೈನಿನಲ್ಲೇ ಎರಡು ಮೂರು ಕೊಂಡಿಗಳಿಗೆ ಬೇರೆ ಬಣ್ಣ ಕೊಟ್ಟಿರುತ್ತಾರೆ, ಆ ಕೊಂಡಿಗಳು ಚುಕ್ಕೆಗಳ ಮೇಲೆ ಕೂರಬೇಕು. ಇನ್ನು ಕೆಲವು ಡೀಸೆಲ್ ಇಂಜಿನ್‌ಗಳಲ್ಲಿ ಕ್ಯಾಮ್ ಅಲುಗದಂತೆ ಪಿನ್ನು ಹಾಕಿ ಹಿಡಿಯುವ ಸಾಧನವೇ ಬೇಕು. ಚೈನಿನ ಎಳೆತದ ಬದಿಯಲ್ಲಿ ಸಡಿಲು ಉಳಿಯದಂತೆ ನೋಡಿಕೊಂಡು, ಸಡಿಲೆಲ್ಲ ಟೆನ್ಷನರ್ ಬದಿಗೆ ಹೋಗುವಂತೆ ಮಾಡಿ, ಒತ್ತಿ ಪಿನ್ನು ಹಾಕಿಟ್ಟ ಟೆನ್ಷನರನ್ನು ಕೂರಿಸಿ, ಕೊನೆಗೆ ಪಿನ್ನನ್ನು ಎಳೆದರೆ ಅದು ಚಟಕ್ಕನೆ ಮುಂದೆ ಬಂದು ಚೈನನ್ನು ಬಿಗಿಹಿಡಿಯುತ್ತದೆ. ಇಷ್ಟಾದ ಮೇಲೆ ಪರೀಕ್ಷೆ: ಕ್ರ್ಯಾಂಕಿನ ಬೋಲ್ಟಿಗೆ ಪಾನ, ಅಂದರೆ ಸ್ಪ್ಯಾನರ್, ಹಾಕಿ ಕೈಯಿಂದಲೇ, ನಿಧಾನವಾಗಿ, ಎರಡು ಪೂರ್ತಿ ಸುತ್ತು ತಿರುಗಿಸಬೇಕು. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು. ಆ ತಡೆ ವಾಲ್ವ್ ಪಿಸ್ಟನ್ನಿಗೆ ತಾಗಿದ ಸೂಚನೆಯಿರಬಹುದು. ಎರಡು ಸುತ್ತಿನ ಬಳಿಕ ಸ್ಪ್ರಾಕೆಟ್ಟಿನ ಗುರುತುಗಳು ಮತ್ತೆ ತಮ್ಮ ನೆಲೆಗೆ ಬರುತ್ತವೆ, ಆದರೆ ಬಣ್ಣದ ಕೊಂಡಿಗಳು ಬರುವುದಿಲ್ಲ. ಹೊಸದಾಗಿ ಕಲಿಯುವ ಹುಡುಗರು ಗಾಬರಿಯಾಗುವುದು ಇಲ್ಲೇ. ಚೈನಿಗೆ 110 ಕೊಂಡಿಗಳಿದ್ದು ಕ್ಯಾಮಿಗೆ 40 ಹಲ್ಲುಗಳಿದ್ದರೆ, ಎರಡೂ ಸರಿಹೊಂದುವ ಅತಿ ಸಣ್ಣ ಸಂಖ್ಯೆ 440. ಅಂದರೆ ಕ್ರ್ಯಾಂಕ್ 22 ಸುತ್ತು ತಿರುಗಿದ ಮೇಲಷ್ಟೇ ಬಣ್ಣದ ಕೊಂಡಿ ತನ್ನ ಚುಕ್ಕೆಗೆ ಮರಳುತ್ತದೆ. ಕೊಂಡಿಯ ಬಣ್ಣ ಜೋಡಿಸುವ ಗಳಿಗೆಗೆ ಮಾತ್ರ ಪ್ರಮಾಣ, ಆಮೇಲಿನ ಪ್ರಮಾಣ ಸ್ಪ್ರಾಕೆಟ್ಟಿನ ಗುರುತು ಎಂಬುದನ್ನು ತಿಳಿದವನಿಗೆ ಗಾಬರಿಯಿಲ್ಲ. ಇದೆಲ್ಲ ಮುಗಿದು ಮುಂದಿನ ಮುಚ್ಚಳಕ್ಕೆ ಅಂಟು ಬಳಿದು ಬಿಗಿದ ಮೇಲೆ, ಒಳಗೆ ಏನು ನಡೆದಿದೆ ಎಂಬುದು ಬಿಗಿದವನೊಬ್ಬನಿಗೆ ಗೊತ್ತು.

ಕ್ರಮದ ಬಗ್ಗೆ ಇಷ್ಟೇ ಸೂಕ್ಷ್ಮವಾಗಿ ಯೋಚಿಸಿದ ಶಾಸ್ತ್ರವೊಂದು ಭಾರತದಲ್ಲಿದ್ದರೆ ಅದು ಪೂರ್ವಮೀಮಾಂಸೆ. ವೇದವಾಕ್ಯಗಳಿಂದ ಯಜ್ಞದ ವಿಧಿಯನ್ನು ನಿರ್ಣಯಿಸುವುದು ಹೇಗೆಂಬುದನ್ನು ವಿಚಾರಿಸುವ ಈ ದರ್ಶನದ ಮೂಲಗ್ರಂಥವಾದ ಜೈಮಿನಿಯ ಸೂತ್ರಗಳ ಐದನೆಯ ಅಧ್ಯಾಯಕ್ಕೆ ಕ್ರಮವೇ ವಿಷಯ. ಯಾವ ಕ್ರಿಯೆ ಮೊದಲು, ಯಾವುದು ಅನಂತರ ಎಂಬುದನ್ನು ತಿಳಿಯಲು ಮೀಮಾಂಸಕರು ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿ ಎಂಬ ಆರು ಆಧಾರಗಳನ್ನು ಹೇಳುತ್ತಾರೆ. ಇವುಗಳಲ್ಲಿ ಇಲ್ಲಿಗೆ ಬೇಕಾದವು ಎರಡು. ಪಾಠಕ್ರಮವೆಂದರೆ ಗ್ರಂಥದಲ್ಲಿ ವಾಕ್ಯಗಳು ಬಂದ ಸರದಿ. ಅರ್ಥಕ್ರಮವೆಂದರೆ ಪ್ರಯೋಜನ ಬೇಡುವ ಸರದಿ. ಅಗ್ನಿಹೋತ್ರದ ಹೋಮವನ್ನು ಹೇಳುವ ಮಾತು ಮೊದಲು ಬಂದು, ಹೋಮಕ್ಕೆ ಬೇಕಾದ ಗಂಜಿಯನ್ನು ಬೇಯಿಸುವ ಮಾತು ಅನಂತರ ಬರುವ ಪ್ರಸಂಗವನ್ನು ಅವರು ಉದಾಹರಿಸುತ್ತಾರೆ. ಗ್ರಂಥ ಹೇಳಿದ ಸರದಿಯಲ್ಲೇ ನಡೆದರೆ ಹೋಮ ಮುಗಿದ ಮೇಲೆ ಗಂಜಿ ಬೇಯುತ್ತದೆ, ಅದು ಯಾವುದಕ್ಕೂ ಒದಗುವುದಿಲ್ಲ. ಆದ್ದರಿಂದ ಇಲ್ಲಿ ಪಾಠವನ್ನು ಬಿಟ್ಟು ಅರ್ಥವನ್ನು ಹಿಡಿಯಬೇಕು ಎಂಬುದು ನಿರ್ಣಯ. ವೇದದ ಅಕ್ಷರ ಅಕ್ಷರಕ್ಕೂ ತಲೆಬಾಗುವವರೆಂದು ಹೆಸರಾದವರು, ಯಾವುದಕ್ಕಾಗಿ ಯಾವುದು ಎಂಬ ಪ್ರಶ್ನೆ ಎದ್ದಾಗ ಗ್ರಂಥದ ಸರದಿಯನ್ನು ಹೀಗೆ ಮೀರಿದರು. ಕೈಪಿಡಿಯ ಪುಟಗಳನ್ನು ಬಾಯಿಪಾಠ ಮಾಡಿದವನಿಗೂ ಟೈಮಿಂಗ್ ಯಾಕೆ ಹಾಗೆ ಕೂರಬೇಕೆಂದು ತಿಳಿದವನಿಗೂ ಇರುವ ಅಂತರವನ್ನು ಹೇಳಲು ಇದಕ್ಕಿಂತ ಒಳ್ಳೆಯ ಮಾತುಗಳು ಸಿಗುವುದು ಕಷ್ಟ.

ಮೀಮಾಂಸಕರ ಇನ್ನೊಂದು ವಿಂಗಡಣೆಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಕ್ರಿಯೆಯ ಫಲ ಕೆಲವೆಡೆ ದೃಷ್ಟ, ಅಂದರೆ ಕಣ್ಣೆದುರೇ ಕಾಣುವಂಥದ್ದು. ಕೆಲವೆಡೆ ಅದೃಷ್ಟ, ಅಂದರೆ ಕಾಣದ್ದು. ಯಜ್ಞಕ್ಕೆಂದು ಭತ್ತವನ್ನು ಕುಟ್ಟಿದರೆ ಹೊಟ್ಟು ಹೋಗುತ್ತದೆ, ಅದು ದೃಷ್ಟ. ಹೊಟ್ಟನ್ನು ಉಗುರಿನಿಂದಲೂ ಬಿಡಿಸಬಹುದಾಗಿದ್ದಾಗ ಕುಟ್ಟಿಯೇ ತೆಗೆಯಬೇಕೆಂದು ನಿಯಮ ಮಾಡಿದರೆ, ಆ ನಿಯಮ ಪಾಲನೆಯಿಂದ ಬೇರೊಂದು ಕಾಣದ ಫಲ ಹುಟ್ಟುತ್ತದೆ ಎಂದು ಅವರು ಒಪ್ಪುತ್ತಾರೆ. ಇಂದು ಮಾಡಿದ ಯಾಗ ಎಂದೋ ಫಲ ಕೊಡುವವರೆಗೆ ನಡುವೆ ನಿಲ್ಲುವ ಈ ಕಾಣದ ಶಕ್ತಿಗೆ ಅಪೂರ್ವವೆಂದು ಹೆಸರು. ಗ್ಯಾರೇಜಿನ ನಿಯಮಗಳಲ್ಲಿ ಇಂಥ ಅಪೂರ್ವ ಯಾವುದೂ ಇಲ್ಲ. ಬೋಲ್ಟನ್ನು ಇಂತಿಷ್ಟೇ ಬಿಗಿಯಬೇಕೆಂಬ ನಿಯಮದ ಹಿಂದೆ ಉಕ್ಕು ಎಷ್ಟು ಎಳೆತ ತಾಳುತ್ತದೆ ಎಂಬ ಕಾರಣವಿದೆ, ಅದು ಪೂರ್ತಿ ದೃಷ್ಟ. ಆದರೆ ಯಾರಿಗೆ ದೃಷ್ಟ? ಕೈಯಲ್ಲಿ ಕ್ಯಾಮ್ ಹಿಡಿದವನಿಗೆ. ಹೊರಗೆ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತ ಗಾಡಿಗಾಗಿ ಕಾಯುವ ಮಾಲೀಕನಿಗೆ ಅದೇ ಕೆಲಸ ಅದೃಷ್ಟ. ಮಾಡುವವನಿಗೆ ಕಂಡದ್ದು ಮಾಡಿಸುವವನಿಗೆ ಕಾಣದು ಎಂಬ ಈ ಅಸಮತೆಯನ್ನು ಮೀಮಾಂಸೆ ವಿಚಾರಿಸಲಿಲ್ಲ, ಏಕೆಂದರೆ ಯಜ್ಞದ ಫಲ ಮಾಡಿಸುವ ಯಜಮಾನನಿಗೂ ಮಾಡುವ ಋತ್ವಿಜನಿಗೂ ಸಮವಾಗಿ ಕಾಣದ್ದೇ ಆಗಿತ್ತು.

ಕ್ರಮದ ಈ ಹಟಕ್ಕೆ ಭಕ್ತಿಪರಂಪರೆ ಕೊಟ್ಟ ದೊಡ್ಡ ಉತ್ತರ ಬೇಡರ ಕಣ್ಣಪ್ಪನ ಕಥೆ. ಶೈವರ ಅರವತ್ತುಮೂವರು ಪುರಾತನರಲ್ಲಿ ಒಬ್ಬನಾದ ಈ ಕಾಳಹಸ್ತಿಯ ಬೇಡ, ಕವಿ ಹರಿಹರನ ರಗಳೆಯಿಂದ ಹಿಡಿದು 1954ರಲ್ಲಿ ರಾಜ್‌ಕುಮಾರ್ ನಾಯಕನಾಗಿ ಕಾಣಿಸಿಕೊಂಡ ಮೊದಲ ಚಿತ್ರದವರೆಗೆ ಕನ್ನಡದ ಮನೆಮನೆಗೂ ಪರಿಚಿತ. ಬೇಡರೆಂದೂ ಕರೆಯುವ ನಾಯಕ ಜನಾಂಗ ದೊಡ್ಡ ಸಂಖ್ಯೆಯಲ್ಲಿರುವ ಜಗಳೂರು ಸೀಮೆಯಲ್ಲಂತೂ ಅವನ ಹೆಸರಿಗೆ ಬೇರೆಯೇ ತೂಕವಿದೆ. ಬಾಯಲ್ಲಿ ತಂದ ನೀರನ್ನು ಲಿಂಗದ ಮೇಲೆ ಉಗುಳಿ ಅಭಿಷೇಕ ಮಾಡಿದವನು, ರುಚಿ ನೋಡಿದ ಮಾಂಸವನ್ನು ನೈವೇದ್ಯವಿಟ್ಟವನು ಅವನು. ಆಗಮದ ಕ್ರಮ ಬಲ್ಲ ಅರ್ಚಕ ಅಲ್ಲಿ ಹೇಸಿದ, ಶಿವ ಒಲಿದ. ಭಾವವಿದ್ದರೆ ಕ್ರಮ ಬೇಡವೆಂಬುದಕ್ಕೆ ಈ ಕಥೆಯನ್ನೇ ಸಾಕ್ಷಿಯಾಗಿ ತರುವುದು ರೂಢಿ.

ಆದರೆ ಕಥೆಯ ಕೊನೆಯ ಭಾಗವನ್ನು ಗಮನಿಸಿದರೆ ಈ ಸಾಕ್ಷಿ ಅಷ್ಟು ಸರಳವಾಗಿ ನಿಲ್ಲುವುದಿಲ್ಲ. ಲಿಂಗದ ಒಂದು ಕಣ್ಣಲ್ಲಿ ರಕ್ತ ಸುರಿದಾಗ ಕಣ್ಣಪ್ಪ ತನ್ನ ಕಣ್ಣನ್ನು ಕಿತ್ತು ಅಲ್ಲಿಡುತ್ತಾನೆ. ಇನ್ನೊಂದು ಕಣ್ಣಲ್ಲೂ ರಕ್ತ ಬಂದಾಗ, ಉಳಿದ ಕಣ್ಣನ್ನೂ ಕಿತ್ತರೆ ತನಗೆ ಜಾಗ ಕಾಣದೆಂದು ತಿಳಿದು, ರಕ್ತ ಸುರಿಯುವ ಕಡೆ ಮೊದಲು ತನ್ನ ಕಾಲನ್ನು ಗುರುತಿಗೆಂದು ಇಡುತ್ತಾನೆ. ಶಾಸ್ತ್ರದ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಅಪಚಾರವಿಲ್ಲ, ಕೆಲಸದ ದೃಷ್ಟಿಯಲ್ಲಿ ಇದಕ್ಕಿಂತ ಸರಿಯಾದ ಕ್ರಮವಿಲ್ಲ. ಕಣ್ಣು ಹೋಗುವ ಮೊದಲೇ ಗುರುತು ಮಾಡಿಕೊಳ್ಳಬೇಕು, ಆಮೇಲೆ ಮಾಡಲಾಗದು ಎಂಬುದನ್ನು ಅವನಿಗೆ ಯಾವ ಆಗಮವೂ ಕಲಿಸಲಿಲ್ಲ. ಬೇಟೆಯಲ್ಲಿ ಪಳಗಿದ ಕೈ ಕಲಿಸಿತು. ಅವನು ಮೀರಿದ್ದು ಪಾಠಕ್ರಮವನ್ನು, ಅರ್ಥಕ್ರಮವನ್ನಲ್ಲ. ಭಾವ ಉಕ್ಕಿ ಹರಿದ ಗಳಿಗೆಯಲ್ಲೂ ಕಣ್ಣು ತಪ್ಪು ಜಾಗದಲ್ಲಿ ಕೂರಬಾರದೆಂಬ ಎಚ್ಚರ ಅವನಿಗಿತ್ತು. ಕಣ್ಣಪ್ಪನನ್ನು ಕ್ರಮದ ವೈರಿಯೆಂದು ಓದಿದವರು ಈ ಕಾಲಿನ ಗುರುತನ್ನು ಕೇವಲ ಮುಗ್ಧತೆಯೆಂದು ಬದಿಗಿಟ್ಟಿದ್ದಾರೆ. ಮುಗ್ಧತೆಗಿಂತ ಅದು ಜಾಣ್ಮೆಯೆಂದು ಓದುವುದೇ ಸರಿಯೆನಿಸುತ್ತದೆ.

ಶರಣರ ಕಾಯಕದ ವಿಚಾರವನ್ನು ಈ ಬೆಳಕಿನಲ್ಲಿ ನೋಡಬೇಕು. ಕಾಯಕವೆಂದರೆ ಬರಿಯ ಉದ್ಯೋಗವಲ್ಲ. ಮೈಮುರಿದು, ಸತ್ಯಶುದ್ಧವಾಗಿ ಮಾಡಿದ ದುಡಿಮೆ, ಮತ್ತು ಅದರ ಗಳಿಕೆ ದಾಸೋಹಕ್ಕೆ, ಅಂದರೆ ಇತರರೊಡನೆ ಹಂಚಿಕೊಳ್ಳುವುದಕ್ಕೆ ಸಲ್ಲಬೇಕೆಂಬ ಕಟ್ಟು. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ: ಕೆಲಸದ ನಡುವೆ ಇಷ್ಟಲಿಂಗ ಜಾರಿ ಬಿದ್ದರೂ ಅವನು ಅದಕ್ಕಾಗಿ ಕೈಯ ಕೆಲಸ ನಿಲ್ಲಿಸಲಿಲ್ಲ, ಹಿಂಬಾಲಿಸಿ ಬಂದ ಲಿಂಗವನ್ನು ಸುಲಭವಾಗಿ ಒಪ್ಪಿಕೊಳ್ಳಲೂ ಇಲ್ಲ, ಲಿಂಗವೂ ಕಾಯಕದ ಕಟ್ಟಿಗೆ ಒಳಪಡಬೇಕೆಂದು ಹಟ ಹಿಡಿದ. ಚನ್ನಗಿರಿಗೆ ನೆರೆಯ ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿಗೂ ಚಂದಯ್ಯನಿಗೂ ನಂಟಿದೆಯೆಂಬ ನಂಬಿಕೆ ಆ ಭಾಗದಲ್ಲಿದೆ. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿ ಆಯುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಾದದ್ದನ್ನು ಮರಳಿ ಸುರಿದು ಬರುವಂತೆ ಹೇಳಿದಳೆಂಬುದೂ ಇದೇ ನಿಲುವಿನ ಇನ್ನೊಂದು ಮುಖ. ಈ ಎರಡೂ ಪ್ರಸಂಗಗಳಲ್ಲಿ ದೇವರೊಡನೆ ರಿಯಾಯಿತಿಯ ಮಾತೇ ಇಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಒಪ್ಪಿಕೊಳ್ಳಬೇಕು. ಶರಣರ ವಚನಗಳು ಕೂಲಿಯ ನ್ಯಾಯ, ಆಸೆಯ ಮಿತಿ, ಮನಸ್ಸಿನ ಶುದ್ಧಿಗಳ ಬಗ್ಗೆ ಮಾತನಾಡಿದಷ್ಟು ಕುಶಲಕೆಲಸದ ನಿಖರತೆಯ ಬಗ್ಗೆ ನೇರವಾಗಿ ಮಾತನಾಡುವುದಿಲ್ಲ. ಹಗ್ಗದ ಹುರಿ ಎಷ್ಟು ಗಟ್ಟಿಯಿರಬೇಕೆಂಬುದು ಚಂದಯ್ಯನ ಪ್ರಸಂಗದ ಚರ್ಚೆಯಲ್ಲ. ಹಾಗಿದ್ದರೂ ಮಗ್ಗ, ದೋಣಿ, ಮಡಿ, ತಕ್ಕಡಿ ಇವುಗಳ ಒಳಗಿನ ವಿವರಗಳನ್ನೇ ಎತ್ತಿಕೊಂಡು ಆಧ್ಯಾತ್ಮವನ್ನು ಹೇಳಿದವರಿಗೆ ಆ ಕಸುಬುಗಳ ಕಟ್ಟುನಿಟ್ಟು ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಅವರು ಯಜ್ಞದ ಕ್ರಮವನ್ನು ತಿರಸ್ಕರಿಸಿದಾಗ ಕ್ರಮವಿಲ್ಲದ ಬಯಲಿಗೆ ಬರಲಿಲ್ಲ, ಕಸುಬಿನ ಕ್ರಮಕ್ಕೆ ಬಂದರು. ಕಸುಬಿನ ಕ್ರಮ ಮುರಿದರೆ ಅದಕ್ಕೆ ಪ್ರಾಯಶ್ಚಿತ್ತದ ಮಂತ್ರವಿಲ್ಲ, ಹರಿದ ಹಗ್ಗವಿದೆ. ಅದಕ್ಕಿಂತ ಮುಖ್ಯವಾದ ಸಂಗತಿ, ಆ ಹಗ್ಗ ಹಿಡಿದು ಬಾವಿಗೆ ಇಳಿಯುವವನು ಬೇರೊಬ್ಬ.

ಕಣ್ಣಪ್ಪನಿಗೆ ಸಿಕ್ಕ ರಿಯಾಯಿತಿ ಕಾಯಕದವನಿಗೆ ಯಾಕೆ ಸಿಗುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಕಣ್ಣಪ್ಪನ ಪೂಜೆ ಅವನಿಗೂ ಶಿವನಿಗೂ ನಡುವಿನದು. ಅದು ತಪ್ಪಿದ್ದರೆ ನೋಯಬೇಕಾದ ಮೂರನೆಯವನು ಯಾರೂ ಇರಲಿಲ್ಲ, ಅರ್ಚಕನ ಮನಸ್ಸೊಂದನ್ನು ಬಿಟ್ಟರೆ. ದೇವರು ತನಗಾದ ಅಪಚಾರವನ್ನು ಭಾವ ನೋಡಿ ಮನ್ನಿಸಬಹುದು. ಆದರೆ ಕಾಯಕದ ಫಲ ದಾಸೋಹದ ದಾರಿಯಲ್ಲಿ ಇನ್ನೊಬ್ಬನ ಬಾಳಿಗೆ ಹೋಗಿ ಸೇರುತ್ತದೆ, ಅಲ್ಲಿ ಮನ್ನಿಸುವ ಅಧಿಕಾರ ದೇವರದ್ದೂ ಅಲ್ಲ, ಮಾಡಿದವನದ್ದಂತೂ ಅಲ್ಲ. ಜಗಳೂರಿನಿಂದ ದಾವಣಗೆರೆಯ ದೊಡ್ಡಾಸ್ಪತ್ರೆಗೆ 50 ಕಿ.ಮೀ. ಆಸುಪಾಸು ದಾರಿ. ಹೆರಿಗೆನೋವಿನ ಹೆಣ್ಣುಮಗಳನ್ನು ಕೂರಿಸಿಕೊಂಡು ರಾತ್ರಿ ಹೊರಟ ಟ್ಯಾಕ್ಸಿ ನಡುದಾರಿಯಲ್ಲಿ ಚೈನು ಜಿಗಿದು ನಿಂತರೆ, ಟೈಮಿಂಗ್ ಕೂರಿಸಿದವನು ಬೆಳಗ್ಗೆ ವಿಭೂತಿ ಹಚ್ಚಿಕೊಂಡೇ ಪಾನ ಹಿಡಿದಿದ್ದ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ಉತ್ತರವಾಗದು. ಅವನ ಭಾವ ಸುಳ್ಳೆಂದು ಇದರ ಅರ್ಥವಲ್ಲ. ಕ್ರಮ ಸೇರದ ಭಾವ ಕಾಯಕವಾಗಲಿಲ್ಲ ಎಂದಷ್ಟೇ ಅರ್ಥ.

ಗ್ಯಾರೇಜುಗಳ ಮಾತು ಬಂದಾಗ ಗೀತೆಯ ಎರಡನೆಯ ಅಧ್ಯಾಯದಲ್ಲಿ ಯೋಗವನ್ನು ಕರ್ಮದಲ್ಲಿನ ಕೌಶಲವೆಂದು ಕರೆದಿರುವುದನ್ನು ನೆನೆಯುವವರಿದ್ದಾರೆ. ಕೆಲಸದ ಚೊಕ್ಕತನಕ್ಕೆ ಶಾಸ್ತ್ರದ ಮುದ್ರೆ ಸಿಕ್ಕಿತೆಂದು ಅವರು ಭಾವಿಸುತ್ತಾರೆ. ಆದರೆ ಶಂಕರರ ಭಾಷ್ಯ ಅಲ್ಲಿ ಕೈಚಳಕದ ಮಾತನ್ನಾಡುವುದಿಲ್ಲ. ಬಂಧಿಸುವ ಸ್ವಭಾವದ ಕರ್ಮಗಳು ಸಮತ್ವಬುದ್ಧಿಯಿಂದ ತಮ್ಮ ಆ ಸ್ವಭಾವವನ್ನು ಬಿಡುವಂತೆ ಮಾಡುವುದೇ ಆ ಕೌಶಲ ಎಂದು ಅದು ವಿವರಿಸುತ್ತದೆ. ಆದ್ದರಿಂದ ಗೀತೆಯನ್ನು ಟೈಮಿಂಗ್ ಚೈನಿನ ಪಕ್ಕದಲ್ಲಿ ನಿಲ್ಲಿಸುವುದಕ್ಕೆ ಮೊದಲು ಸ್ವಲ್ಪ ಹಿಂಜರಿಯುವುದು ಮೇಲು. ಈ ಊರುಗಳ ಗ್ಯಾರೇಜುಗಳಲ್ಲಿ ಪಾನ ಹಿಡಿದವರಲ್ಲಿ ಮುಸ್ಲಿಮರೂ ಇದ್ದಾರೆ. ಅವರ ಪರಂಪರೆಯಲ್ಲಿ ಕರ್ಮದ ಬೆಲೆಯನ್ನು ಸಂಕಲ್ಪ ನಿರ್ಧರಿಸುತ್ತದೆ ಎಂಬ ಬೋಧೆಯ ಜೊತೆಗೇ ಇಹ್ಸಾನ್ ಎಂಬ ಇನ್ನೊಂದು ಕಲ್ಪನೆಯಿದೆ. ದೇವರನ್ನು ಕಾಣುತ್ತಿರುವವನಂತೆ ನಡೆದುಕೊಳ್ಳಬೇಕು, ಕಾಣಲಾಗದಿದ್ದರೂ ಅವನು ತನ್ನನ್ನು ಕಾಣುತ್ತಿದ್ದಾನೆಂದು ತಿಳಿದು ನಡೆದುಕೊಳ್ಳಬೇಕು ಎಂಬುದು ಅದರ ಸಾರ. ಮುಚ್ಚಳದೊಳಗಿನ ಕೆಲಸಕ್ಕೆ ಗೀತೆಯ ಆ ಮಾತಿಗಿಂತ ಈ ಕಲ್ಪನೆ ಹೆಚ್ಚು ನೇರವಾಗಿ ಒಪ್ಪುತ್ತದೆ.

ಇಷ್ಟರಿಂದ ಭಾವಕ್ಕೆ ಗ್ಯಾರೇಜಿನಲ್ಲಿ ಜಾಗವೇ ಇಲ್ಲವೆಂದು ತೀರ್ಮಾನಿಸಿದರೆ ಅದು ಅವಸರ. ಆಯುಧಪೂಜೆಯ ದಿನ ಪಾನ, ಜಾಕ್, ಇಕ್ಕಳಗಳನ್ನೆಲ್ಲ ತೊಳೆದು ಜೋಡಿಸಿ, ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಬೂದುಗುಂಬಳ ಒಡೆದಾಗ ಯಾವ ಬೋಲ್ಟೂ ಬಿಗಿಯಾಗುವುದಿಲ್ಲ ನಿಜ. ಆದರೆ ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದು ಸಾಧನವನ್ನು ಕೈಗೆತ್ತಿಕೊಂಡು ನೋಡುವ, ಬಾಯಿ ಸವೆದ ಪಾನ ಯಾವುದೆಂದು ಗೊತ್ತಾಗುವ ದಿನವೂ ಅದೇ. ಭಾವದ ನಿಜವಾದ ಜಾಗ ಮಾತ್ರ ಇನ್ನೊಂದು ಕಡೆ, ಕ್ರಮದ ಕೈ ಎಟುಕದೆಡೆಯಲ್ಲಿ ಇದೆ.

ಇಂಜಿನ್ ಪೂರ್ತಿ ಬಿಚ್ಚಿದಾಗ ಚೈನು, ಅದು ಸವರಿಕೊಂಡು ಓಡುವ ಗೈಡುಗಳು, ಟೆನ್ಷನರ್ ಇವೆಲ್ಲವನ್ನೂ ಹೊಸದಾಗಿ ಹಾಕುವುದು ಒಳ್ಳೆಯ ರೂಢಿ. ಚೈನು ಹಿಗ್ಗಿದೆ ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ; ವಾಸ್ತವದಲ್ಲಿ ಉಕ್ಕು ಹಿಗ್ಗಿರುವುದಿಲ್ಲ, ಪ್ರತಿ ಕೊಂಡಿಯ ಪಿನ್ನು ಕೂದಲೆಳೆಯಷ್ಟು ಸವೆದು, ನೂರಾರು ಕೊಂಡಿಗಳ ಸವೆತ ಕೂಡಿ ಚೈನು ಉದ್ದವಾಗಿರುತ್ತದೆ. ಹಾಗೆ ಉದ್ದವಾದ ಚೈನನ್ನು ಗುರುತಿಗೆ ಸರಿಯಾಗಿ ಕೂರಿಸಿದರೂ ಕ್ಯಾಮ್ ಒಂದೆರಡು ಡಿಗ್ರಿ ಹಿಂದೆ ಬೀಳುತ್ತದೆ. ಮಳೆ ಕೈಕೊಟ್ಟು ಮೆಕ್ಕೆಜೋಳ ತೆನೆಕಟ್ಟದ ವರ್ಷ ಗೂಡ್ಸ್ ಗಾಡಿಯ ಮಾಲೀಕನೊಬ್ಬ ಇಂಜಿನ್ ಕೆಲಸಕ್ಕೆ ಬಂದರೆ, ಬೋರಿಂಗ್, ಪಿಸ್ಟನ್, ರಿಂಗು, ಬೇರಿಂಗುಗಳ ಖರ್ಚು ಹೊತ್ತ ಮೇಲೆ ಚೈನಿನ ಸೆಟ್ಟಿಗೆ ಅವನ ಹತ್ತಿರ ದುಡ್ಡು ಉಳಿದಿರುವುದಿಲ್ಲ. ಹಳೆಯ ಚೈನನ್ನೇ ತೊಳೆದು ಕೂರಿಸುವುದು ಅಂಥಲ್ಲಿ ಅಪರೂಪವಲ್ಲ. ಆಗ ಕ್ರಮ ಪೂರ್ತಿ ಸರಿಯಿರುತ್ತದೆ, ಗುರುತುಗಳು ಕೂಡುತ್ತವೆ, ಎರಡು ಸುತ್ತಿನ ಪರೀಕ್ಷೆಯೂ ಗೆಲ್ಲುತ್ತದೆ, ಗಾಡಿ ನಯವಾಗಿ ಸ್ಟಾರ್ಟ್ ಆಗುತ್ತದೆ. ಒಳಗಿರುವುದು ಹಳೆಯದೆಂದು ಮಾಲೀಕನಿಗೆ ಹೇಳಬೇಕೋ ಬೇಡವೋ, ಹೊಸದರ ದುಡ್ಡು ಇಸಿದುಕೊಂಡು ಹಳೆಯದನ್ನೇ ಹಾಕಬಹುದೋ, ಇಲ್ಲ ಹಳೆಯದೂ ಬಾಳಿಕೆ ಬರುವಂತಿರುವಾಗ ಹೆದರಿಸಿ ಹೊಸದನ್ನು ಹಾಕಿಸಿ ಲಾಭ ಮಾಡಬಹುದೋ, ಇದನ್ನು ಹೇಳುವ ಗುರುತು ಯಾವ ಸ್ಪ್ರಾಕೆಟ್ಟಿನ ಮೇಲೂ ಇರುವುದಿಲ್ಲ.

ಲಕ್ಕಮ್ಮನ ಕಟ್ಟು ಇಲ್ಲಿ ಎರಡೂ ಕಡೆಗೆ ಅನ್ವಯಿಸುತ್ತದೆ: ಸಲ್ಲದ್ದನ್ನು ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಸಲ್ಲಬೇಕಾದದ್ದನ್ನು ಕಡಿಮೆ ಕೊಟ್ಟು ಮುಚ್ಚುವಂತೆಯೂ ಇಲ್ಲ. ದುಡ್ಡಿಲ್ಲದ ಮಾಲೀಕನಿಗೆ ಹಳೆಯ ಚೈನು ಹಾಕಿಕೊಡುವುದು ತಪ್ಪಲ್ಲ, ಕೆಲವೊಮ್ಮೆ ಅದೇ ದಾಸೋಹ. ಟೆನ್ಷನರ್ ಎಷ್ಟು ಮುಂದಕ್ಕೆ ಬಂದಿದೆ, ಗೈಡಿನಲ್ಲಿ ಗೆರೆ ಎಷ್ಟು ಆಳ ಬಿದ್ದಿದೆ ಎಂಬುದನ್ನು ಮುಚ್ಚಳ ತೆರೆದಿರುವಾಗಲೇ ಅವನನ್ನು ಕರೆದು ತೋರಿಸಿ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮುಂದಿನ ಬದಿಯಿಂದ ಕಟಕಟ ಸದ್ದು ಕೇಳಿಬಂದರೆ ಅಂದೇ ಗಾಡಿ ನಿಲ್ಲಿಸಬೇಕೆಂದು ತಿಳಿಸಿ, ಅಡಿಕೆಯ ಸೀಸನ್ ಮುಗಿಯುವುದರೊಳಗೆ ಸೆಟ್ ಬದಲಿಸಿಕೊಳ್ಳಲು ಹೇಳಿದರೆ, ಮಾಲೀಕ ಅಷ್ಟು ದಿನ ಲೋಡ್ ಕಡಿಮೆ ಹಾಕಬೇಕೋ, ಸಾಲ ಮಾಡಿಯಾದರೂ ಈಗಲೇ ಹಾಕಿಸಬೇಕೋ ಎಂಬುದನ್ನು ತಾನೇ ನಿರ್ಧರಿಸಿಕೊಳ್ಳಬಲ್ಲ.